ಚಪ್ಪಾಳೆ ಜೋರಾಗಿತ್ತು, ಆಮೇಲೆ ಜನ ಎದ್ದು ಹೋದರು

ಪ್ರಶ್ನೆ: ನಮ್ಮದು ಕೊಡಗಿನ ಹವ್ಯಾಸಿ ತಂಡ. ಹೊಸ ಸಂಗೀತ ನಾಟಕವೊಂದನ್ನು ಕಟ್ಟಿದ್ದೇವೆ. ಗದ್ದೆ ಮಾರಲು ಒಪ್ಪದ ಅಪ್ಪ, ಅಲ್ಲಿ ಹೋಂಸ್ಟೇ ಕಟ್ಟಲು ಹೊರಟ ಮಗ, ನಡುವೆ ಸಿಕ್ಕಿಕೊಂಡ ಸೊಸೆ, ಇಷ್ಟು ಕಥೆ. 14 ಹಾಡು, 2 ಗಂಟೆ 20 ನಿಮಿಷ. ಮಾತು ಕನ್ನಡದಲ್ಲಿ, 4 ಹಾಡು ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ. ಮೂರು ಪ್ರದರ್ಶನ ಆಗಿದೆ. ವಿರಾಜಪೇಟೆಯಲ್ಲಿ ಹಾಲ್ ತುಂಬಿತ್ತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಣಿಕೊಪ್ಪದಲ್ಲಿ ಮಧ್ಯಂತರ ಆದ ಮೇಲೆ ಮೂರರಲ್ಲಿ ಒಂದು ಪಾಲು ಜನ ವಾಪಸ್ ಬರಲೇ ಇಲ್ಲ. ಮಡಿಕೇರಿಯಲ್ಲಿ ನಮ್ಮ ಅತಿ ತಮಾಷೆಯ ಹಾಡಿಗೆ ಯಾರೂ ನಗಲಿಲ್ಲ, ಆದರೆ ಅಪ್ಪ ಸಾಯುವಾಗ ನಕ್ಕರು! ಆರಂಭದ ಹಾಡು ಕೊಡಗಿನ ವರ್ಣನೆ, ಮಧ್ಯಂತರಕ್ಕೆ ಮುಂಚೆ ಮದುವೆ ಮನೆಯ ವಾಲಗ. ಇವೆರಡೂ ಮೂರು ಕಡೆಯೂ ಸೂಪರ್ ಹಿಟ್. ವಾಟ್ಸಾಪ್‌ನಲ್ಲಿ ಒಬ್ಬರು ಹಾಡು ಜಾಸ್ತಿ ಅನ್ನುತ್ತಾರೆ, ಒಬ್ಬರು ಎಲ್ಲ ಕನ್ನಡದಲ್ಲೇ ಇರಲಿ ಅನ್ನುತ್ತಾರೆ, ಇನ್ನೊಬ್ಬರು ಕೊಡವ ತಕ್ಕ್ ಸಾಲದು ಅನ್ನುತ್ತಾರೆ. ಎರಡನೇ ಭಾಗದಲ್ಲಿ ಮೂರು ಹಾಡು ಕಿತ್ತುಹಾಕಿ ಅಂತ ನಿರ್ದೇಶಕರು, ಒಂದನ್ನೂ ಮುಟ್ಟಬೇಡಿ ಅಂತ ಸಂಗೀತ ಮಾಡಿದವರು. ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಕುಶಾಲನಗರದಲ್ಲಿ ನಾಲ್ಕನೇ ಪ್ರದರ್ಶನ. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಆ ವಾಟ್ಸಾಪ್ ಗುಂಪನ್ನು ಒಂದು ವಾರ ಮ್ಯೂಟ್ ಮಾಡಿ. ಅಲ್ಲಿ ಬರೆದವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಿಗೆ ಏನೋ ಚುಚ್ಚಿದೆ, ಅದು ನಿಜ. ಎಲ್ಲಿ ಚುಚ್ಚಿತು ಅನ್ನುವುದನ್ನು ಮಾತ್ರ ಅವರು ಸರಿಯಾಗಿ ಹೇಳಲಾರರು. ಕೊಡಗಿನ ಮಳೆ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ. ಒಡೆದ ಹೆಂಚು ಇರುವುದು ಎರಡು ಮಾರು ಆಚೆ. ನೀರು ಪಕಾಸಿನ ಮೇಲೆ ಹರಿದು ಬಂದು ಇಲ್ಲಿ ಬಿದ್ದಿರುತ್ತದೆ. ಕೆಳಗೆ ಬಕೆಟ್ ಇಟ್ಟವರಿಗೆ ತೊಟ್ಟಿಕ್ಕುವ ಜಾಗ ಕಾಣುತ್ತದೆ, ಅಷ್ಟೇ. ನಿಮ್ಮ ಪ್ರೇಕ್ಷಕರು ಬಕೆಟ್ ಇಟ್ಟವರು. ಮಾಡು ಹತ್ತಿ ಹೆಂಚು ಹುಡುಕಬೇಕಾದವರು ನೀವು.

ಈ ಪಾಠ ನನಗೆ ಸುಲಭವಾಗಿ ಬರಲಿಲ್ಲ. ಹಾರ್ಮೋನಿಯಂ ಮುಂದೆ ಕೂತು, ಆಮೇಲೆ ನಾಟಕಗಳಿಗೆ ಹಾಡು ಕಟ್ಟುತ್ತಾ ಮೂವತ್ತು ವರ್ಷ ಆಯಿತು. ಒಮ್ಮೆ ನಮ್ಮದೊಂದು ನಾಟಕದ ಎರಡನೇ ಭಾಗದಲ್ಲಿ ತಾಯಿಯೊಬ್ಬಳ ಅಳುವಿನ ಹಾಡಿತ್ತು. ಮೊದಲ ಪ್ರದರ್ಶನ ಮುಗಿದ ಕೂಡಲೇ ಎಲ್ಲರೂ ಒಂದೇ ಮಾತು: ಹಾಡು ಉದ್ದ ಆಯಿತು. ನಾಲ್ಕು ಚರಣ ಇದ್ದದ್ದನ್ನು ಎರಡು ಮಾಡಿದೆ. ಆಗಲೂ ಉದ್ದ. ಒಂದು ಮಾಡಿದೆ. ಆಗಲೂ ಕೆಮ್ಮು, ಕುರ್ಚಿಯ ಸದ್ದು. ಕೊನೆಗೆ ಲೈಟ್ ಹಿಡಿಯುತ್ತಿದ್ದ ಹುಡುಗ ಟೀ ಕುಡಿಯುತ್ತಾ, "ಸಾರ್, ಆ ಅಮ್ಮ ಯಾಕೆ ಅಳ್ತಾರೆ ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ" ಅಂದ. ಹತ್ತು ಸಲ ನೋಡಿದವನು ಅವನು. ಹಿಂದಿನ ದೃಶ್ಯ ತೆಗೆದು ನೋಡಿದರೆ, ಮಗ ಊರು ಬಿಟ್ಟ ಸುದ್ದಿ ಒಂದೇ ಸಾಲಿನಲ್ಲಿ ಬರುತ್ತಿತ್ತು. ಆ ಸಾಲಿನ ಮೇಲೆ ನಾನೇ ಚಂಡೆ ಬಾರಿಸಿದ್ದೆ! ಚಂಡೆ ತೆಗೆದೆವು. ನಾಲ್ಕೂ ಚರಣ ವಾಪಸ್ ಹಾಕಿದೆವು. ಆಮೇಲೆ ಒಬ್ಬರೂ ಉದ್ದ ಅನ್ನಲಿಲ್ಲ.

ಅಮೆರಿಕದ ಬ್ರಾಡ್‌ವೇಯಲ್ಲಿ ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳಿರುವ ಜಾಗದಲ್ಲಿ, ಇದೇ ಜಾತಿಯ ಒಂದು ಪ್ರಸಿದ್ಧ ಪ್ರಸಂಗ ಇದೆ. 1962ರಲ್ಲಿ 'ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್' ಅನ್ನುವ ಹಾಸ್ಯ ಸಂಗೀತ ನಾಟಕವನ್ನು ನ್ಯೂಯಾರ್ಕಿಗೆ ತರುವ ಮೊದಲು ವಾಷಿಂಗ್ಟನ್‌ನಲ್ಲಿ ಆಡಿ ನೋಡಿದರು. ಜನ ನಗಲಿಲ್ಲ. ಹಾಸ್ಯದ ಸಾಲುಗಳನ್ನು ತಿದ್ದಿ ತಿದ್ದಿ ಸಾಕಾಯಿತು. ಜೆರೋಮ್ ರಾಬಿನ್ಸ್ ಅನ್ನುವ ನಿರ್ದೇಶಕರನ್ನು ಕರೆಸಿದರು. ಅವರು ಬೆರಳಿಟ್ಟದ್ದು ಮೊದಲ ಹಾಡಿನ ಮೇಲೆ. ಅದು ಇಂಪಾದ, ಮೆಲುದನಿಯ ಪ್ರೇಮದ ಹಾಡು. ಅದನ್ನು ಕೇಳಿದ ಜನ, ಇದೊಂದು ನವಿರಾದ ಪ್ರೇಮಕಥೆ ಅಂದುಕೊಂಡು ಕೂರುತ್ತಿದ್ದರು. ಆಮೇಲೆ ಬಂದ ಗಲಾಟೆ ಹಾಸ್ಯಕ್ಕೆ ಅವರು ತಯಾರೇ ಇರಲಿಲ್ಲ. ಆ ನಾಟಕಕ್ಕೆ ಹಾಡು ಕಟ್ಟಿದ ಸ್ಟೀಫನ್ ಸಾಂಡ್‌ಹೈಮ್ ಹೊಸ ಆರಂಭದ ಹಾಡು ಬರೆದರು. ಇವತ್ತು ರಾತ್ರಿ ಬರೀ ತಮಾಷೆ ಅಂತ ಆ ಹಾಡು ನೇರವಾಗಿ ಹೇಳಿತು. ಒಂದು ಹಾಡು ಬದಲಾದ ಮೇಲೆ ಮುಂದಿನ ದೃಶ್ಯಗಳಲ್ಲಿ ನಗು ತಾನಾಗಿ ಬಂತು. ನಾಟಕ ನ್ಯೂಯಾರ್ಕಿನಲ್ಲಿ 964 ಪ್ರದರ್ಶನ ಕಂಡಿತು.

ಈಗ ನಿಮ್ಮ ನಾಟಕಕ್ಕೆ ಬರೋಣ. ನೀವು ಕಳಿಸಿದ ಪ್ರತಿ ಓದಿದೆ, ಹಾಡುಗಳ ರೆಕಾರ್ಡಿಂಗ್ ಎರಡು ಸಲ ಕೇಳಿದೆ. ನಿಮ್ಮ ಸಂಗೀತ ಮಾಡಿದವರಿಗೆ ಒಳ್ಳೆಯ ಕಿವಿ ಇದೆ. ಅದಕ್ಕೇ ಮುಂದಿನ ಮಾತು ಹೇಳಲು ಸ್ವಲ್ಪ ಸಂಕಟ.

ನೀವು ತೆಗೆಯಬೇಕಾದ ಹಾಡು ಎರಡನೇ ಭಾಗದಲ್ಲಿ ಇಲ್ಲ. ಎಲ್ಲರೂ ಮೆಚ್ಚಿದ ಆ ಆರಂಭದ ಹಾಡೇ ತೊಂದರೆ. ಮಂಜು, ಬೆಟ್ಟ, ಕಾಫಿ ಹೂವಿನ ಘಮ, ಕಾವೇರಿ, ವೀರರು, ಎಲ್ಲ ಇದೆ. ಐದೂವರೆ ನಿಮಿಷ. ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು, ಯಾಕೆ ತಟ್ಟಬಾರದು? ತಮ್ಮ ಊರನ್ನು ಹೊಗಳಿದರೆ ಯಾರಿಗೆ ಬೇಡ? ಆದರೆ ಆ ಐದೂವರೆ ನಿಮಿಷದಲ್ಲಿ ಇದು ಯಾರ ಕಥೆ, ಅವನಿಗೆ ಏನು ಬೇಕು, ಅದು ಸಿಗದಿದ್ದರೆ ಏನಾಗುತ್ತದೆ ಅನ್ನುವ ಒಂದು ಮಾತೂ ಇಲ್ಲ. ಗದ್ದೆಯ ವಿಷಯ ಮೊದಲ ಸಲ ಬರುವುದು ನಾಲ್ಕನೇ ದೃಶ್ಯದಲ್ಲಿ, ಅದೂ ಮಗ ಫೋನಿನಲ್ಲಿ ಬ್ರೋಕರ್ ಜೊತೆ ಮಾತಾಡುವಾಗ. ಅಷ್ಟರಲ್ಲಿ 35 ನಿಮಿಷ ಕಳೆದಿರುತ್ತದೆ. ಅಪ್ಪನ ಗದ್ದೆ ಉಳಿಯುತ್ತದೋ ಇಲ್ಲವೋ ಅನ್ನುವ ಕುತೂಹಲ ಹುಟ್ಟದಿದ್ದರೆ, ಮಧ್ಯಂತರದ ಕಾಫಿ ಕುಡಿದವರು ಒಳಗೆ ಬರುವುದಾದರೂ ಯಾತಕ್ಕೆ?

ಪೂರ್ತಿ ಬಿಸಾಡಬೇಕಾಗಿಲ್ಲ. ರಾಗ ಅದೇ ಇರಲಿ. ಊರಿನ ವರ್ಣನೆ ಒಂದು ಚರಣಕ್ಕೆ ಸಾಕು. ಎರಡನೇ ಚರಣದಲ್ಲಿ ಅಪ್ಪ ಗದ್ದೆಯ ಬದುವಿನ ಮೇಲೆ ನಿಂತು ಹಾಡಲಿ, ಮೂರನೆಯದರಲ್ಲಿ ಮಗ ಅದೇ ಗದ್ದೆಯನ್ನು ಟೇಪ್ ಹಿಡಿದು ಅಳೆಯಲಿ. ಮೂರೂವರೆ ನಿಮಿಷದಲ್ಲಿ ನಾಟಕ ಶುರುವಾಗಿಬಿಟ್ಟಿತು, ಅಲ್ವಾ?

ಇನ್ನು ವಾಲಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೊಡಗಿನಲ್ಲಿ ನಾಟಕ ಮಾಡುವ ಯಾರೇ ಆದರೂ ಬೀಳುವ ಗುಂಡಿ ಇದು. ಕೊಂಬಿನ ವಾದ್ಯ, ಕೊಟ್ಟು ಅನ್ನುವ ಚರ್ಮವಾದ್ಯ ಶುರುವಾದರೆ ಕೊಡಗಿನವರ ಕಾಲು ಕುರ್ಚಿಯ ಕೆಳಗೆ ಸುಮ್ನೆ ಇರುವುದಿಲ್ಲ. ಗೋಣಿಕೊಪ್ಪದಲ್ಲಿ ಜನ ಎದ್ದು ನಡುದಾರಿಯಲ್ಲಿ ಕುಣಿದರು ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅವರು ಕುಣಿದದ್ದು ವಾಲಗಕ್ಕೆ. ನಿಮ್ಮ ನಾಟಕ ಅಲ್ಲಿ ಇಲ್ಲದಿದ್ದರೂ ಕುಣಿಯುತ್ತಿದ್ದರು. ಇದನ್ನು ನಾನು ಸಾಲದ ಚಪ್ಪಾಳೆ ಅನ್ನುತ್ತೇನೆ. ದುಡ್ಡು ಕೈಗೆ ಬಂದ ಹಾಗೆ ಇರುತ್ತದೆ, ಆದರೆ ಅದು ನಿಮ್ಮದಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೊಡಗಿನ ಮದುವೆ ಮನೆಯಲ್ಲಿ ವಾಲಗಕ್ಕೆ ಎಲ್ಲರೂ ಸೇರಿ ಕುಣಿಯುವುದು ಯಾವಾಗ? ಹೆಚ್ಚಾಗಿ ಶಾಸ್ತ್ರ ಮುಗಿದು, ಊಟ ಆಗಿ, ಮನಸ್ಸು ಹಗುರಾದ ಮೇಲೆ. ಕುಣಿದು ಬೆವರಿ, ನಾಲ್ಕು ಜನಕ್ಕೆ ಹೇಳಿ ಮನೆಗೆ ಹೊರಡುವುದು. ನೀವು ಮಧ್ಯಂತರದ ಬಾಗಿಲಲ್ಲಿ ಅದನ್ನೇ ಮಾಡಿಸಿದಿರಿ. ಕಾರ್ಯಕ್ರಮ ಮುಗಿಯಿತು ಅಂತ ಅವರ ಮೈಗೆ ಅನ್ನಿಸಿತು. ಹೊರಗೆ ಬಂದರು, ಕಾಫಿ ಕುಡಿದರು, ಚೆನ್ನಾಗಿತ್ತು ಅಂದರು, ಜೀಪ್ ಹತ್ತಿದರು. ನಾಟಕ ಹಿಡಿಸಲಿಲ್ಲ ಅಂತ ಎದ್ದು ಹೋದವರ ಮುಖ ಹಾಗಿರುವುದಿಲ್ಲ.

ವಾಲಗ ಬೇಕೇ ಬೇಕು ಅಂತಿದ್ದರೆ ಅದನ್ನು ಅರ್ಧಕ್ಕೆ ನಿಲ್ಲಿಸಿ. ಕುಣಿತ ಏರುತ್ತಿರುವಾಗಲೇ ಗದ್ದೆ ಮಾರಲು ಮಗ ಮಾಡಿಕೊಂಡ ಕರಾರು ಪತ್ರ ಸೊಸೆಯ ಕೈಗೆ ಸಿಗಲಿ. ಕೊಂಬು ಊದುವವರು ಉಸಿರು ಅರ್ಧಕ್ಕೆ ಬಿಟ್ಟ ಹಾಗೆ ನಿಲ್ಲಿಸಲಿ. ಕತ್ತಲು. ಮಧ್ಯಂತರ. ಕುಣಿಯಲು ಎದ್ದವರು ನಿಂತಲ್ಲೇ ನಿಂತಿರುತ್ತಾರೆ. ಅವರಿಗೆ ಸಿಟ್ಟು ಬಂದರೂ ಬರಲಿ, ವಾಪಸ್ ಬಂದು ಕೂರುತ್ತಾರೆ. ಪೂರ್ತಿ ವಾಲಗವನ್ನು ಕೊನೆಯಲ್ಲಿ, ಕಲಾವಿದರು ನಮಸ್ಕಾರ ಮಾಡುವಾಗ ಕೊಡಿ. ಆಗ ಬೆಳಗಿನ ಜಾವದವರೆಗೆ ಕುಣಿಯಲಿ.

ಜನಕ್ಕೆ ಗೊತ್ತಿರುವ ಹಾಡನ್ನು ನಾಟಕಕ್ಕೆ ತರುವುದೇ ತಪ್ಪು ಅಂತ ಹೇಳುತ್ತಿಲ್ಲ. ಜಡಭರತರ 'ಸತ್ತವರ ನೆರಳು' ನಾಟಕಕ್ಕೆ ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನೇ ಬಳಸಿದರು. ಎಲ್ಲರ ಮನೆಯಲ್ಲೂ ಕೇಳಿದ ಪದಗಳು. ಆದರೆ ಮಠದ ಪೀಠಕ್ಕಾಗಿ ನಡೆಯುವ ಜಗ್ಗಾಟದ ಮಧ್ಯೆ ಅವೇ ಪದಗಳು ಬಂದಾಗ ಬೇರೆಯೇ ಅರ್ಥ ಹುಟ್ಟುತ್ತದೆ. ಗೊತ್ತಿದ್ದ ಹಾಡು ನಾಟಕದ ಕೈಗೆ ಸಿಕ್ಕಿ ಹೊಸದಾಗುತ್ತದೆ. ನಿಮ್ಮ ವಾಲಗ ಇನ್ನೂ ನಾಟಕದ ಕೈಗೆ ಸಿಕ್ಕಿಲ್ಲ.

ಗೋಣಿಕೊಪ್ಪದವರ ಮೇಲೆ ಪೂರ್ತಿ ತಪ್ಪು ಹೊರಿಸುವ ಮುನ್ನ ಗಡಿಯಾರವನ್ನೂ ನೋಡಿ. 6 ಗಂಟೆಗೆ ಅಂತ ಕರೆದಿರಿ. ದೀಪ ಹಚ್ಚಿ, ಶಾಲು ಹೊದೆಸಿ, ಐದು ಜನ ಭಾಷಣ ಮಾಡಿ ಮುಗಿಸಿದ್ದು 6.50ಕ್ಕೆ. ಮಧ್ಯಂತರಕ್ಕೆ 8 ದಾಟಿತು. ನಾಟಕ ಮುಗಿಯುವಾಗ ಒಂಬತ್ತೂವರೆ. ತಿತಿಮತಿ ಕಡೆಯವರು, ಪಾಲಿಬೆಟ್ಟದ ಕಡೆಯವರು ಆ ಹೊತ್ತಿಗೆ ತೋಟದ ರಸ್ತೆಯಲ್ಲಿ ಹೋಗಬೇಕು. ಆನೆ ಎಲ್ಲಿ ನಿಂತಿರುತ್ತದೋ ಯಾರಿಗೆ ಗೊತ್ತು? ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದವನು ಎಂಟಕ್ಕೆ ಎದ್ದರೆ ಅದು ನಾಟಕದ ವಿಮರ್ಶೆ ಅಲ್ಲ. ಜೊತೆಗೆ ನಾಟಿ ಕೆಲಸದ ದಿನಗಳು. ಹಗಲೆಲ್ಲ ಕೆಸರಿನಲ್ಲಿ ನಿಂತವರ ಕಣ್ಣು ಎಂಟು ಗಂಟೆಗೆ ಎಳೆಯುತ್ತದೆ. ಕುಶಾಲನಗರದಲ್ಲಿ ಆರಕ್ಕೇ ಪರದೆ ಏಳಲಿ. ಸಭೆ ಬೇಕೇ ಬೇಕಾದರೆ ನಾಟಕ ಮುಗಿದ ಮೇಲೆ ಹತ್ತು ನಿಮಿಷ. ಅತಿಥಿಗಳಿಗೆ ಬೇಜಾರಾದರೆ ಆಗಲಿ.

ವಿರಾಜಪೇಟೆಯ ಮೊದಲ ಪ್ರದರ್ಶನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತುಂಬಿದ ಹಾಲ್‌ನಲ್ಲಿ ಅರ್ಧ ಜನ ಕಲಾವಿದರ ಒಕ್ಕದವರು, ಅಂದರೆ ಮನೆತನದವರು, ಇನ್ನರ್ಧ ಅವರ ನೆಂಟರು. ಸೊಸೆಯ ಪಾತ್ರ ಮಾಡಿದ ಹುಡುಗಿ ರಂಗಕ್ಕೆ ಕಾಲಿಟ್ಟ ಕೂಡಲೇ ಚಪ್ಪಾಳೆ ಬಿತ್ತು ಅಂತ ಬರೆದಿದ್ದೀರಿ. ಅವಳು ಇನ್ನೂ ಬಾಯಿಯೇ ತೆರೆದಿರಲಿಲ್ಲ! ಮನೆಯವರ ಚಪ್ಪಾಳೆ ಕಲಾವಿದರಿಗೆ ಟಾನಿಕ್ ಇದ್ದ ಹಾಗೆ, ಅದು ಬೇಕು. ನಾಟಕ ಹೇಗಿದೆ ಅಂತ ಅದು ಹೇಳುವುದಿಲ್ಲ.

ನ್ಯೂಯಾರ್ಕ್, ಲಂಡನ್‌ನಲ್ಲಿ ದೊಡ್ಡ ಸಂಗೀತ ನಾಟಕಗಳಿಗೆ ಪ್ರಿವ್ಯೂ ಅಂತ ಒಂದು ಪದ್ಧತಿ ಇದೆ. ಅಧಿಕೃತ ಆರಂಭಕ್ಕೆ ಮುಂಚೆ ಕೆಲವು ವಾರ ಟಿಕೆಟ್ ಕೊಟ್ಟು ಬಂದ ಜನರ ಮುಂದೆಯೇ ಆಡುತ್ತಾರೆ. ಹಗಲು ತಿದ್ದುವುದು, ರಾತ್ರಿ ಆಡಿ ನೋಡುವುದು. ವಿಮರ್ಶಕರನ್ನು ಕರೆಯುವ ಹೊತ್ತಿಗೆ ಇನ್ನು ಏನೂ ಬದಲಿಸುವುದಿಲ್ಲ ಅಂತ ಗೆರೆ ಎಳೆಯುತ್ತಾರೆ. ನಮ್ಮಲ್ಲಿ ಇದು ಉಲ್ಟಾ. ಇನ್ನೂ ಹಸಿ ಇರುವ ಮೊದಲ ಪ್ರದರ್ಶನಕ್ಕೇ ಶಾಸಕರು, ಪತ್ರಕರ್ತರು, ಕ್ಯಾಮೆರಾ. ನಿಮ್ಮ ಮೂರೂ ಪ್ರದರ್ಶನ ಪ್ರಿವ್ಯೂ ಅಂತ ಇವತ್ತಿನಿಂದ ಅಂದುಕೊಳ್ಳಿ. ಮನಸ್ಸು ಹಗುರಾಗುತ್ತದೆ.

ಹಾಗಂತ ಕೇಳುತ್ತಾ, ತಿದ್ದುತ್ತಾ ಕೂತರೆ ಅದಕ್ಕೆ ಕೊನೆ ಇಲ್ಲ. 'ಸ್ಪೈಡರ್ ಮ್ಯಾನ್: ಟರ್ನ್ ಆಫ್ ದ ಡಾರ್ಕ್' ಅನ್ನುವ ಬ್ರಾಡ್‌ವೇ ನಾಟಕದ ಪ್ರಿವ್ಯೂ 2010ರ ನವೆಂಬರ್‌ನಲ್ಲಿ ಶುರುವಾಗಿ, ಅಧಿಕೃತವಾಗಿ ತೆರೆದದ್ದು 2011ರ ಜೂನ್‌ನಲ್ಲಿ. ನಡುವೆ 182 ಪ್ರಿವ್ಯೂ ಆದವು. ಮುಂದೂಡಿದ್ದನ್ನು ನೋಡಿ ನೋಡಿ ಬೇಸತ್ತ ವಿಮರ್ಶಕರು ಫೆಬ್ರುವರಿಯಲ್ಲೇ ಟಿಕೆಟ್ ಕೊಂಡು ಹೋಗಿ ಬರೆದುಬಿಟ್ಟರು. ಹಗ್ಗ, ಹಾರಾಟ, ಕಥೆ, ನಿರ್ದೇಶಕಿ ಎಲ್ಲವೂ ಬದಲಾದವು. ಕಥೆ ಏನು ಅಂತ ಕಟ್ಟಿದವರಿಗೇ ಸ್ಪಷ್ಟ ಇಲ್ಲದಿದ್ದರೆ ಜನರನ್ನು ಎಷ್ಟು ಸಲ ಕೇಳಿದರೇನು?

ಪತ್ರಿಕೆಯ ಮಾತಿನ ಬಗ್ಗೆಯೂ ಒಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 1985ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ 'ಲೆ ಮಿಸೆರಾಬ್ಲ್' ಸಂಗೀತ ನಾಟಕ ಶುರುವಾದಾಗ ಬಹುಪಾಲು ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಬೈದರು. ಟಿಕೆಟ್ ಕಿಟಕಿಯ ಮುಂದೆ ಮಾತ್ರ ಸಾಲು ನಿಂತಿತು. ನಾಟಕ ದಶಕಗಳ ಕಾಲ ಓಡಿತು. ನಿಮ್ಮ ವಿಷಯದಲ್ಲಿ ಪತ್ರಿಕೆ "ಅದ್ಭುತ" ಅಂತ ಬರೆದಿದೆ. ಅದನ್ನು ಕತ್ತರಿಸಿ ಆಲ್ಬಮ್‌ಗೆ ಅಂಟಿಸಿ.

ಹಾಗಾದರೆ ನಂಬಬೇಕಾದ್ದು ಏನನ್ನು? ನಾಟಕ ನಡೆಯುವಾಗ ಜನರ ಮೈ ಏನು ಮಾಡಿತು ಅನ್ನುವುದನ್ನು. ಮುಗಿದ ಮೇಲೆ ಬಾಯಿ ಹೇಳುವುದು ಮರ್ಯಾದೆಯ ಮಾತು. ಮೈಗೆ ಮರ್ಯಾದೆ ಗೊತ್ತಿಲ್ಲ. ಕುಶಾಲನಗರದಲ್ಲಿ ತಂಡದ ಇಬ್ಬರನ್ನು ರಂಗದ ಪಕ್ಕದಲ್ಲಿ, ಪ್ರೇಕ್ಷಕರ ಮುಖ ಕಾಣುವ ಹಾಗೆ ಕೂರಿಸಿ. ಅವರು ನಾಟಕ ನೋಡುವ ಹಾಗಿಲ್ಲ. ಕೈಯಲ್ಲಿ ನಾಟಕದ ಪ್ರತಿ, ಒಂದು ಪೆನ್ಸಿಲ್, ಸಣ್ಣ ಟಾರ್ಚ್. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಲ್ಲಿ ಮೊಬೈಲ್ ಬೆಳಕು ಕಂಡಿತು, ಆ ಸಾಲಿನ ಪಕ್ಕದಲ್ಲೇ ಗುರುತು ಹಾಕಲಿ. ಕತ್ತಲಲ್ಲಿ ಮೊಬೈಲ್ ಬೆಳಕಿನಷ್ಟು ಪ್ರಾಮಾಣಿಕ ವಿಮರ್ಶಕ ಇನ್ನೊಬ್ಬನಿಲ್ಲ. ಒಂದು ಮುಖದಲ್ಲಿ ಬೆಳಕು ಬಿದ್ದರೆ ಅವನ ಮನೆಯ ತಾಪತ್ರಯ ಇರಬಹುದು. ಒಂದೇ ನಿಮಿಷದಲ್ಲಿ ಏಳೆಂಟು ಮುಖ ಬೆಳಗಿದರೆ ಅದು ನಿಮ್ಮ ತಾಪತ್ರಯ. ಕೆಮ್ಮೂ ಹಾಗೆಯೇ. ಕೊಡಗಿನ ಚಳಿಗೆ ಕೆಮ್ಮು ಇದ್ದೇ ಇರುತ್ತದೆ. ಆದರೆ ಕಥೆಯಲ್ಲಿ ಮುಳುಗಿದವನು ಕೆಮ್ಮನ್ನು ತಡೆದುಕೊಳ್ಳುತ್ತಾನೆ, ಬೇಸರ ಬಂದವನು ತಡೆದುಕೊಳ್ಳುವುದಿಲ್ಲ.

ಮಧ್ಯಂತರದಲ್ಲಿ ಕಾಫಿ ಕೊಡುವ ಹುಡುಗರಿಗೂ ಒಂದು ಕೆಲಸ ಹಚ್ಚಿ. ಏನನ್ನೂ ಕೇಳಬಾರದು, ಸುಮ್ನೆ ಕಿವಿ ತೆರೆದುಕೊಂಡಿರಬೇಕು. "ಆ ಮಗ ಗದ್ದೆ ಮಾರ್ತಾನಾ?" ಅಂತ ಮಾತಾಡಿಕೊಂಡರೆ ಗೆದ್ದಿರಿ. "ಸೀರೆ ಚೆನ್ನಾಗಿದೆ", "ಆ ಹುಡುಗ ನಮ್ಮ ಬ್ಯಾಂಕಿನವನಲ್ವಾ?" ಅಂತ ಬಂದರೆ ಕಥೆ ಇನ್ನೂ ಹಿಡಿದಿಲ್ಲ ಅಂತ ಅರ್ಥ. ಕಾಫಿ ರೇಟಿನ ಮಾತು ಬಂದರೆ ದೇವರೇ ಗತಿ.

ಮೌನವನ್ನು ಓದುವುದು ಎಲ್ಲಕ್ಕಿಂತ ಕಷ್ಟ. ಚಪ್ಪಾಳೆ ಬಾರದಿದ್ದರೆ ಸೋಲು ಅಂದುಕೊಳ್ಳುವ ಚಾಳಿ ನಮಗೆ ಕಂಪನಿ ನಾಟಕಗಳಿಂದ ಬಂದದ್ದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳ ಕಾಲದಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕಾಗುತ್ತಿತ್ತು ಅಂತ ಹಳಬರು ನಗುತ್ತಾ ಹೇಳುತ್ತಾರೆ. ಆದರೆ ಕೊಡಗಿನಲ್ಲಿ ಕೇಳುವ ಇನ್ನೊಂದು ರೀತಿಯೂ ಇದೆ. ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಬಾಳೋಪಾಟ್ ಅನ್ನುವ ಸಾಂಪ್ರದಾಯಿಕ ಹಾಡು ಹಾಡುವಾಗ ಯಾರಾದರೂ ನಡುವೆ ಚಪ್ಪಾಳೆ ತಟ್ಟುತ್ತಾರಾ? ತಲೆ ಬಗ್ಗಿಸಿ ಕೇಳುತ್ತಾರೆ. ನಿಮ್ಮ ಎರಡನೇ ಭಾಗದಲ್ಲಿ ಅಪ್ಪ ದುಡಿ ಹಿಡಿದು ಹಾಡುವ ಹಾಡಿಗೆ ಮೂರು ಕಡೆಯೂ ಚಪ್ಪಾಳೆ ಬೀಳಲಿಲ್ಲ, ಅದನ್ನು ತೆಗೆಯೋಣ ಅನ್ನುತ್ತಿದ್ದಾರೆ ನಿರ್ದೇಶಕರು. ದಯವಿಟ್ಟು ಬೇಡ. ಆಗ ಕುರ್ಚಿಗಳ ಸದ್ದಿತ್ತಾ ಅಂತ ಕೇಳಿ ನೋಡಿ. ಇರಲಿಲ್ಲ ಅಂದರೆ ನಿಮ್ಮ ನಾಟಕದ ಅತಿ ಒಳ್ಳೆಯ ನಾಲ್ಕು ನಿಮಿಷ ಅವೇ ಇರಬಹುದು. ಯಕ್ಷಗಾನಕ್ಕೆ ಹೋದವರು ನಡುರಾತ್ರಿ ತೂಕಡಿಸುತ್ತಾರೆ, ಚಂಡೆಯ ಪೆಟ್ಟಿಗೆ ಎದ್ದು ಕೂತು ಅದೇ ಕಥೆಗೆ ಸೇರಿಕೊಳ್ಳುತ್ತಾರೆ. ಎಲ್ಲ ನಿದ್ದೆಯೂ ಬೇಸರವಲ್ಲ.

ಕೆಲವು ಕಡೆ ಚಪ್ಪಾಳೆ ಬಾರದಿರುವುದಕ್ಕೆ ಕಾರಣ ಬರೀ ಕಸುಬಿನದು. ಮಗನ ಹೋಂಸ್ಟೇ ಕನಸಿನ ಹಾಡು ತೆಗೆದುಕೊಳ್ಳಿ. ಕುಣಿಸುವ ಹಾಡು, ಚೆನ್ನಾಗಿದೆ. ಆದರೆ ಅದು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಪಲ್ಲವಿ ನಿಧಾನವಾಗಿ ಸಣ್ಣಗಾಗುತ್ತಾ ಹೋಗುತ್ತದೆ, ಅಷ್ಟರಲ್ಲಿ ಮಗನ ಫೋನ್ ರಿಂಗ್ ಆಗುತ್ತದೆ. ಸಿನಿಮಾದಲ್ಲಿ ಅದು ನಡೆಯುತ್ತದೆ. ರಂಗದ ಮೇಲೆ, ತಟ್ಟಲು ಎತ್ತಿದ ಕೈಗಳು ಹಾಗೇ ಮಡಿಲಿಗೆ ಇಳಿಯುತ್ತವೆ. ತಾಳ ಹಿಡಿಯುವವರು ಮೂರು ಸಲದ ಮುಕ್ತಾಯ ಬಾರಿಸಲಿ. ಕೊನೆಯ ಪೆಟ್ಟಿನ ಮೇಲೇ ಬೆಳಕು ಬದಲಾಗಲಿ. ಕಲಾವಿದ ಆ ಭಂಗಿಯಲ್ಲೇ ಎರಡು ಎಣಿಸುವಷ್ಟು ನಿಲ್ಲಲಿ. ಆಮೇಲೆ ಫೋನ್. ನೋಡಿ, ಚಪ್ಪಾಳೆ ಬೀಳದಿದ್ದರೆ ನನ್ನನ್ನು ಕೇಳಿ. ಸೊಸೆಯ ಕೊನೆಯ ಹಾಡಿಗೆ ಮಾತ್ರ ಇದರ ಉಲ್ಟಾ ಮಾಡಿ. ಅಲ್ಲಿ ಈಗ ದೊಡ್ಡ ಮುಕ್ತಾಯ ಇದೆ, ಜನ ತಟ್ಟುತ್ತಾರೆ, ಕಟ್ಟಿಕೊಂಡ ಸಂಕಟವೆಲ್ಲ ಆ ತಟ್ಟುವಿಕೆಯಲ್ಲಿ ಕರಗಿಹೋಗುತ್ತದೆ. ಕೊನೆಯ ಸ್ವರ ಮುಗಿಯುವ ಮೊದಲೇ ಅಪ್ಪನ ಕೆಮ್ಮು ಒಳಗಿನಿಂದ ಕೇಳಿಸಲಿ.

ಮಡಿಕೇರಿಯಲ್ಲಿ ಸತ್ತ ಆ ತಮಾಷೆ ಹಾಡಿನ ವಿಷಯ ಸರಳ. ಶೀಟಿನ ಮಾಡು, ಹೊರಗೆ ಜಡಿಮಳೆ, ಒಳಗೆ ಒಂದೇ ಉಸಿರಿಗೆ ಹೋಂಸ್ಟೇ ನಿಯಮಗಳನ್ನು ಪಟಪಟ ಹೇಳುವ ಸಾಹಿತ್ಯ. ಮಳೆಯ ಸದ್ದು ಮೊದಲು ನುಂಗುವುದು ಸ, ಶ, ಹ, ತ ಅನ್ನುವಂಥ ಸಣ್ಣ ಸದ್ದುಗಳನ್ನು. ಸ್ವರ ಕೇಳುತ್ತದೆ, ಮಾತು ಕೇಳುವುದಿಲ್ಲ. ಮಾತು ಕೇಳದಿದ್ದರೆ ನಗುವುದು ಎಲ್ಲಿಂದ? ಹೊಸ ಹಾಡನ್ನು ಜನ ಕೇಳುವುದು ಒಂದೇ ಸಲ ಅನ್ನುವುದನ್ನು ನಾವು ಮರೆಯುತ್ತೇವೆ. ನೀವು ಅಭ್ಯಾಸದಲ್ಲಿ ನೂರು ಸಲ ಕೇಳಿದ್ದೀರಿ, ನಿಮ್ಮ ಕಿವಿ ಮಾತನ್ನು ತಾನೇ ತುಂಬಿಕೊಳ್ಳುತ್ತದೆ. ಕಂಪನಿಯವರು ಹಾಡಿನ ಪುಸ್ತಕ ಅಚ್ಚು ಹಾಕಿಸಿ ಮಾರುತ್ತಿದ್ದದ್ದು ಸುಮ್ನೆ ಅಲ್ಲ. ವೇಗ ಸ್ವಲ್ಪ ಇಳಿಸಿ, ಕೀಬೋರ್ಡ್ ಕಡಿಮೆ ಮಾಡಿ, ನಗು ಹುಟ್ಟಿಸುವ ಪದ ಸಾಲಿನ ಕೊನೆಯಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಆ ಪದದ ಮೇಲೆ ವಾದ್ಯ ಬೇಡ.

ಕೊಡವ ತಕ್ಕ್ ಜಾಸ್ತಿಯೋ ಕಡಿಮೆಯೋ ಅನ್ನುವ ಜಗಳದಲ್ಲಿ ಎರಡೂ ಕಡೆಯವರು ಲೆಕ್ಕ ಹಾಕುತ್ತಿದ್ದಾರೆ. ಪ್ರಶ್ನೆ ಲೆಕ್ಕದ್ದಲ್ಲ. ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ತಕ್ಕ್‌ನಲ್ಲಿ 'ಯಯಾತಿ ರಾಜಂಡ ನಾಟಕ' ಬರೆದ ನಾಡು ಇದು. ರಂಗದ ಮೇಲೆ ಕೊಡವ ತಕ್ಕ್ ಇರಬಹುದೇ ಅಂತ ಕೇಳುವ ಅಗತ್ಯವೇ ಇಲ್ಲ. ಆದರೆ ಇವತ್ತು ನಿಮ್ಮ ಹಾಲ್‌ನಲ್ಲಿ ಕೊಡವ ತಕ್ಕ್‌ನವರ ಪಕ್ಕದಲ್ಲಿ ಅರೆಭಾಷೆಯವರು, ತುಳುವಿನವರು, ಮಲಯಾಳದವರು ಕೂತಿರುತ್ತಾರೆ. ಕುಶಾಲನಗರದಲ್ಲಂತೂ ಕೊಡವ ತಕ್ಕ್ ಬಾರದವರು ಜಾಸ್ತಿ. ನಿಮ್ಮ ನಾಲ್ಕರಲ್ಲಿ ಮೂರು ಹಾಡುಗಳಿಗೆ ಏನೂ ತೊಂದರೆ ಇಲ್ಲ. ಅಲ್ಲಿ ಪರಿಸ್ಥಿತಿ ಮೊದಲೇ ಗೊತ್ತಾಗಿರುತ್ತದೆ, ಹಾಡು ಬರೀ ಭಾವ ಹೊತ್ತು ಬರುತ್ತದೆ. ಭಾಷೆ ಬಾರದವನಿಗೂ ಅದು ತಲುಪುತ್ತದೆ. ನಾಲ್ಕನೆಯದರಲ್ಲಿ, ಅಂದರೆ ಕರಾರು ಪತ್ರ ಸಿಕ್ಕಾಗ ಸೊಸೆ ಹಾಡುವ ಹಾಡಿನಲ್ಲಿ, ಮಗ ಮುಂಗಡ ಹಣ ತೆಗೆದುಕೊಂಡಾಗಿದೆ ಅನ್ನುವ ಸುದ್ದಿ ಇದೆ. ಕಥೆಯ ಬೆನ್ನುಮೂಳೆಯನ್ನೇ ಅರ್ಧ ಜನಕ್ಕೆ ತಿಳಿಯದ ಸಾಲಿನಲ್ಲಿ ಇಟ್ಟಿದ್ದೀರಿ. ಹಾಡು ಹಾಗೇ ಇರಲಿ. ಅದಕ್ಕೆ ಮುಂಚೆ ಆಕೆ ಪತ್ರದ ಒಂದು ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಪತ್ರ ಕನ್ನಡದಲ್ಲೇ ಇರುತ್ತದಲ್ಲ!

ಒಟ್ಟಿಗೆ ಎಲ್ಲವನ್ನೂ ಬದಲಿಸಬೇಡಿ. ನೀವೆಲ್ಲ ಕೆಲಸಕ್ಕೆ ಹೋಗುವವರು, ಸಂಜೆ ಸೇರಿ ಅಭ್ಯಾಸ ಮಾಡುವವರು. ಹತ್ತು ಬದಲಾವಣೆ ಹಾಕಿದರೆ ಕಲಾವಿದರ ಕಣ್ಣಲ್ಲಿ ಗಾಬರಿ ಕಾಣುತ್ತದೆ, ಜನ ಅದಕ್ಕೆ ಪ್ರತಿಕ್ರಿಯೆ ಕೊಡುತ್ತಾರೆ, ನಿಮಗೆ ಮತ್ತೆ ಏನೂ ತಿಳಿಯುವುದಿಲ್ಲ. ಕುಶಾಲನಗರಕ್ಕೆ ಮೂರೇ ಸಾಕು: ಆರಂಭದ ಹಾಡು, ವಾಲಗದ ತುಂಡು, ಪತ್ರದ ಸಾಲು. ಎರಡನೇ ಭಾಗದ ಮೂರು ಹಾಡನ್ನು ಈಗ ಯಾರೂ ಮುಟ್ಟಬಾರದು. ಇದರಿಂದ ಸಂಗೀತ ಮಾಡಿದವರು ಗೆದ್ದರು ಅಂತಲ್ಲ. ಅವರ ಅತಿ ಪ್ರೀತಿಯ ಹಾಡಿನಿಂದ ನಾನು ಎರಡು ನಿಮಿಷ ಕಿತ್ತುಕೊಂಡಿದ್ದೇನೆ. ಇಬ್ಬರೂ ಸ್ವಲ್ಪ ದಿನ ನನ್ನನ್ನು ಬೈದುಕೊಂಡು ಒಂದಾಗಲಿ.

ಇನ್ನು ಸಾವಿನ ದೃಶ್ಯದ ನಗು. ಮೊದಲು ಕಲಾವಿದನ ಮೇಲೆ ಅನುಮಾನ ಬಂತು, ಮೀಸೆ ಗೀಸೆ ಕಳಚಿತೇನೋ ಅಂತ. ಆಮೇಲೆ ಪ್ರತಿ ತಿರುವಿ ನೋಡಿದೆ. ಸಾಯುವ ಅಪ್ಪನ ಕೊನೆಯ ಮಾತು "ಗದ್ದೆಗೆ ನೀರು ಬಿಟ್ಟ್ರಾ?" ಮೊದಲ ಭಾಗದಲ್ಲಿ ಅದೇ ಮಾತು ಮೂರು ಸಲ ಬರುತ್ತದೆ. ಬ್ರೋಕರ್ ಕೋಟಿ ರೂಪಾಯಿಯ ಮಾತಾಡುವಾಗ, ಮಗ ಸಿಟ್ಟಾದಾಗ, ಮದುವೆ ಊಟದ ನಡುವೆ. ಮೂರು ಸಲವೂ ನಗು ಬರುವ ಹಾಗೆ ಬರೆದಿದ್ದೀರಿ, ಬಂದಿದೆ. ಆ ಮಾತು ಕೇಳಿದರೆ ನಗಬೇಕು ಅಂತ ನೀವೇ ಕಲಿಸಿದ್ದೀರಿ, ಅವರು ಒಳ್ಳೆಯ ವಿದ್ಯಾರ್ಥಿಗಳ ಹಾಗೆ ನಕ್ಕರು. ವಿರಾಜಪೇಟೆಯಲ್ಲಿ ನಗದಿದ್ದದ್ದು ಅಲ್ಲಿ ಕೂತವರಿಗೆ 'ಅಪ್ಪ' ನೆಂಟನಾಗಿದ್ದರಿಂದ. ಗೋಣಿಕೊಪ್ಪದಲ್ಲಿ ನಗುವವರು ಅಷ್ಟರಲ್ಲಿ ಮನೆ ಸೇರಿದ್ದರು.

ಆ ಸಾಲನ್ನು ತೆಗೆಯಬೇಡಿ. ನಗು ಬರಲಿ. ಈಗ ಅಪ್ಪ ಮಾತು ಮುಗಿಸಿದ ಕೂಡಲೇ ತಂಬೂರಿ ಶುರುವಾಗುತ್ತದೆ, ನಗುವವರನ್ನು ಗದರಿಸಿದ ಹಾಗೆ. ಅದನ್ನು ನಿಲ್ಲಿಸಿ. ಅಪ್ಪ ಕೇಳಲಿ, ಜನ ನಗಲಿ, ನಗು ತಾನಾಗಿ ಇಳಿಯುವವರೆಗೆ ರಂಗದ ಮೇಲೆ ಯಾರೂ ಅಲುಗಾಡಬಾರದು. ನಿಮ್ಮ ನಾಟಕದಲ್ಲಿ ಆ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿದ್ದೀರಾ? ಹಾಲ್ ಪೂರ್ತಿ ಸುಮ್ಮನಾದ ಮೇಲೆ ಮಗ ಮೆಲ್ಲಗೆ ಹೇಳಲಿ: "ಬಿಟ್ಟಿದ್ದೀನಪ್ಪ." ವಾದ್ಯ ಬೇಡ. ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತ ಆ ಇಬ್ಬರಿಗೆ, ಆಗ ಏನು ಕೇಳಿಸಿತು ಅಂತ ಬರೆದುಕೊಳ್ಳಲು ಹೇಳಿ, ನನಗೂ ಕಳಿಸಿ.